ಬಾಣದ ಗುರುತಿನ ವೈರು

"ಕಿವಿ ಅಂದ್ರೆ ನನ್ನ ಥರ ಇರಬೇಕು ಕಣೇ! ಅಮ್ಮ ಏನು ಹೇಳಿದಾಳೆ ಅಂತ ಈ ತಿಂಗಳೊಳಗೆ ಪತ್ತೆ ಮಾಡದಿದ್ರೆ ಎರಡು ಕಿವಿಯನ್ನೂ ಕಿತ್ತು ನಿನ್ನ ಕೈಗೆ ಕೊಡ್ತೀನಿ!"

ಹೆಂಡತಿಯ ಮುಂದೆ ಹೀಗೆ ಶಪಥಗೈದವರು ಸಾಮಾನ್ಯರಲ್ಲ. ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಊರ ಕಿವಿಗಳನ್ನೆಲ್ಲ ಪರೀಕ್ಷಿಸುತ್ತ ಬಂದವರು. ಬಂದ ರೋಗಿಗಳಿಗೆಲ್ಲ ಪಾಠ ಹೇಳುವ ಚಟದಿಂದಾಗಿ ಎಲ್ಲರ ಬಾಯಲ್ಲೂ ಕಿವಿ ಮೇಷ್ಟ್ರು.

ಸಂಗತಿ ಇಷ್ಟು. ಮೇಷ್ಟ್ರ ತಾಯಿ ತೀರಿಕೊಂಡು ಆರು ವರ್ಷ. ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಕ್ಯಾಸೆಟ್ ಒಂದು ಸಿಕ್ಕಿತು. ಮೇಷ್ಟ್ರು ಹದಿನೈದರ ವಯಸ್ಸಿನಲ್ಲಿ ಹೊಸ ಟೇಪ್ ರೆಕಾರ್ಡರ್ ಹಿಡಿದು, ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದ ಅಮ್ಮನ ದನಿ ತುಂಬಿಕೊಳ್ಳಲು ಹೊರಟ ಕ್ಯಾಸೆಟ್ ಅದು. ತುಂಬಿದ್ದು ಮಾತ್ರ ಪೂರ್ತಿ ತಮ್ಮದೇ "ಹಲೋ, ಹಲೋ, ಟೆಸ್ಟಿಂಗ್!" ಕೊನೆಯಲ್ಲಿ, ದೂರದಿಂದ, ಮೆಲುದನಿಯಲ್ಲಿ ಅಮ್ಮನದು ಒಂದೇ ಮಾತು. ಅವಳ ದನಿಯೆಂದು ಲೋಕದಲ್ಲಿ ಉಳಿದದ್ದು ಅಷ್ಟೇ. ಅದು ಮೇಷ್ಟ್ರಿಗೆ ಬರೀ ಗೊಣಗೊಣ. ಮನೆಯ ಸ್ಟೀರಿಯೋದಲ್ಲಿ ಹಾಕಿ ಸೌಂಡ್ ಜಾಸ್ತಿ ಮಾಡಿದರೆ ಗೊಣಗೊಣವೇ ದೊಡ್ಡದಾಯಿತು.

"ನಿಮ್ಮ ಹಳೇ ವೈರೇ ನಿಮ್ಮ ವೈರಿ ಸಾರ್!" ಎಂದು ಸ್ಟೀರಿಯೋ ಅಂಗಡಿಯವನು ಘೋಷಿಸಿದ. ಗಿಡಕ್ಕೆ ನೀರು ಬಿಡುವ ಪೈಪಿನಷ್ಟು ದಪ್ಪದ ಹೊಸ ಸ್ಪೀಕರ್ ವೈರು ಮನೆಗೆ ಬಂತು. ಅದರ ಮೈಮೇಲೆ ಬಾಣದ ಗುರುತು.

"ಶಬ್ದ ಈ ದಿಕ್ಕಿಗೇ ಹೋಗಬೇಕು" ಎಂದು ಮೇಷ್ಟ್ರು ವಿವರಿಸಿದರು.

"ಬಾಣ ನೋಡ್ಕೊಂಡು ಹೋಗೋಕೆ ಶಬ್ದಕ್ಕೆ ಕಣ್ಣಿದ್ಯಾ ರೀ?" ಎಂದಳು ಹೆಂಡತಿ. ಬಟ್ಟೆ ಹೊಲಿಯುವ ಕೆಲಸದವಳು. ಬಾಯಿಯೂ ಕತ್ತರಿಯಷ್ಟೇ ಚುರುಕು.

ವೈರು ಬಗ್ಗಲಿಲ್ಲ, ಬೀರುವನ್ನೇ ಪಕ್ಕಕ್ಕೆ ಸರಿಸಬೇಕಾಯಿತು. ಮುಂದಿನ ವಾರ ಸ್ಪೀಕರಿನ ಅಡಿಗೆ ಹಿತ್ತಾಳೆಯ ಚೂಪು ಕಾಲುಗಳು ಬಂದವು. ಕಾಲುಗಳು ಸ್ಪೀಕರ್ ಇಟ್ಟಿದ್ದ ಗೋಡೆಯ ಹಲಗೆಯನ್ನು ಕೊರೆದಾಗ ಅವುಗಳ ಅಡಿಗೆ ಕರಿಕಲ್ಲಿನ ಚಪ್ಪಡಿ ಬಂತು. ಪ್ರತಿ ಸಲವೂ ಮೇಷ್ಟ್ರು ಕಣ್ಣು ಮುಚ್ಚಿ "ಆಹಾ! ಅಜಗಜಾಂತರ!" ಎನ್ನುವರು.

"ಅತ್ತೆಯ ಮಾತು?"

"ಅದು... ಹತ್ತಿರ ಬಂದಿದೆ."

"ರೀ, ಅತ್ತೆ ಅಲ್ಲಿ ಹೇಳಿದ್ದು..."

"ಶ್! ನೀನು ಮಾತಾಡಿದ್ರೆ ಕೇಳಿಸಲ್ಲ!"

ಹೊಲಿಗೆ ಮಿಷನ್ನಿನ ಅದುರಾಟ ಅಡ್ಡಬರುತ್ತದೆಂದು ಅದಕ್ಕೆ ಅಡುಗೆಮನೆಗೆ ಗಡೀಪಾರಾಯಿತು. ಅವಳೂ ಅದರ ಹಿಂದೆಯೇ ಹೋದಳು.

ತಿಂಗಳ ಕೊನೆಯ ಭಾನುವಾರ ಚಪ್ಪಡಿಯ ಭಾರಕ್ಕೆ ಹಲಗೆ ಕಿತ್ತು ಬಂತು. ಒಂದು ಸ್ಪೀಕರ್ ನೆಲಕ್ಕುರುಳಿತು. ಬಗ್ಗದ ವೈರು ಇನ್ನೊಂದನ್ನೂ, ಟೇಪ್ ಡೆಕ್ಕನ್ನೂ, ಹೂದಾನಿಯನ್ನೂ ಬಾಣದ ದಿಕ್ಕಿನಲ್ಲೇ ಎಳೆದು ಕೆಡವಿತು! ಮೇಷ್ಟ್ರು ಅವಶೇಷಗಳ ನಡುವೆ ಮಂಡಿಯೂರಿ ಕ್ಯಾಸೆಟ್ ಹುಡುಕಿದರು. ಅಮ್ಮ ಎರಡನೇ ಸಲ ಹೋದಳೆಂದೇ ಅವರಿಗೆ ಅನ್ನಿಸಿತ್ತು.

ಹೆಂಡತಿ ಅಡುಗೆಮನೆಯಿಂದ ತನ್ನ ಹಳೆಯ ಟೇಪ್ ರೆಕಾರ್ಡರ್ ತಂದಳು. ಅಂಗೈಯಗಲದ ಸ್ಪೀಕರ್. ಕ್ಯಾಸೆಟ್ ಹಾಕಿ ಒತ್ತಿದಳು. ಪುಣ್ಯಕ್ಕೆ ಅದು ಓಡಿತು. ಕೊನೆಗೆ ಬಂದಾಗ ಅವಳು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಏನಾಯ್ತೇ?"

"ಕೇಳಿಸ್ಲಿಲ್ವಾ? ನನಗೆ ಮೊದಲ ದಿನಾನೇ ಕೇಳಿಸ್ತು. ಹಳೇ ವೈರಲ್ಲೇ."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಕೇಳಲಿಲ್ಲ."

ಆ ಮಾತಿಗೆ ಅರ್ಥ ಎರಡು. ಮೇಷ್ಟ್ರಿಗೆ ಎರಡೂ ತಗುಲಿದವು.

"ಈಗ ಹೇಳು."

"ಹೇಳಲ್ಲ. ಅದು ನಿಮಗೆ ಹೇಳಿದ್ದು, ಅವರ ಬಾಯಿಂದಾನೇ ಕೇಳಿ. ನಾಳೆ ಹೋಗಿ ಕಿವಿ ತೋರಿಸ್ಕೊಳ್ಳಿ."

ಮರುದಿನ ಮೇಷ್ಟ್ರು ತಮ್ಮದೇ ಪರೀಕ್ಷಾ ಕೋಣೆಯಲ್ಲಿ ರೋಗಿಯ ಕುರ್ಚಿಯ ಮೇಲೆ ಕೂತರು. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಕಿರಿಯ ಸಹೋದ್ಯೋಗಿ ಹೊರಗೆ ಯಂತ್ರದ ಮುಂದೆ ಕೂತಳು. ಶಬ್ದ ಕೇಳಿಸಿದಾಗ ಗುಂಡಿ ಒತ್ತಬೇಕು. ಮೇಷ್ಟ್ರು ಮೊದಮೊದಲು ಠೀವಿಯಿಂದ ಒತ್ತಿದರು. ಆಮೇಲೆ ಕಾದರು. ಮತ್ತೂ ಕಾದರು.

"ಏನಮ್ಮಾ, ಮುಂದಿನದು ಹಾಕು!"

ಅವಳು ಬಾಗಿಲು ತೆರೆದು ನೆಲ ನೋಡುತ್ತ ಅಂದಳು: "ಎಲ್ಲಾ ಹಾಕಾಯ್ತು ಸಾರ್."

ಹತ್ತು ದಿನಕ್ಕೆ ಕಡಲೆಕಾಳಿನಷ್ಟು ಗಾತ್ರದ ಎರಡು ಯಂತ್ರಗಳು ಕಿವಿಗೆ ಬಂದವು. ಬಾಣದ ವೈರು ಹಿತ್ತಲಲ್ಲಿ ಒದ್ದೆ ಬಟ್ಟೆ ಹೊರುತ್ತಿತ್ತು. ಮೇಷ್ಟ್ರು ಅಡುಗೆಮನೆಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಕೂತು ಆ ಹಳೆಯ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು.

"ಹಲೋ, ಹಲೋ, ಟೆಸ್ಟಿಂಗ್! ಅಮ್ಮಾ, ಏನಾದ್ರೂ ಮಾತಾಡಮ್ಮಾ!"

ದಾರ ಕತ್ತರಿಸಿದ ಸದ್ದು. ಆಮೇಲೆ ಅಮ್ಮ, ಬಾಗಿಲಾಚೆ ನಿಂತಷ್ಟು ಸ್ಪಷ್ಟವಾಗಿ:

"ಆಗಿನಿಂದ ಮಾತಾಡ್ತಾನೇ ಇದೀನಲ್ಲೋ! ಮೊದಲು ಕೇಳಿಸ್ಕೊ ಮಗೂ, ಆಮೇಲೆ ಹಿಡಿದಿಟ್ಕೊಳ್ಳುವಂತೆ."

ಮೇಷ್ಟ್ರು ಅತ್ತರು. ಮುಚ್ಚಿಟ್ಟುಕೊಳ್ಳಲಿಲ್ಲ. ಸುಧಾರಿಸಿಕೊಂಡು ಹೆಂಡತಿಯನ್ನು ಕೇಳಿದರು: "ನಿನಗೂ ಏನಾದ್ರೂ ಹೇಳೋದಿದ್ರೆ ಹೇಳೇ."

"ತಿಂಗಳೊಳಗೆ ಪತ್ತೆ ಮಾಡದಿದ್ರೆ ಕಿವಿ ಕಿತ್ತು ಕೊಡ್ತೀನಿ ಅಂದಿದ್ರಿ. ಗಡುವು ಮುಗಿದು ಎಷ್ಟು ದಿನ ಆಯ್ತು?"

ಮೇಷ್ಟ್ರು ಎರಡೂ ಯಂತ್ರಗಳನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟರು.

ಅವಳು ಒಂದೊಂದಾಗಿ ಅವನ್ನು ತಿರುಗಿ ಅವರ ಕಿವಿಗೆ ಸಿಕ್ಕಿಸಿದಳು.

"ನಿಮ್ಮ ಹತ್ರಾನೇ ಇರ್ಲಿ ಬಿಡಿ. ನಾನಿನ್ನೂ ಶುರುವೇ ಮಾಡಿಲ್ಲ."