ಎಡಗಣ್ಣಿನ ಮಸಿ

...ಮೊದಲ ಚುಕ್ಕೆ ಕಂಡದ್ದು ಅವಲಕ್ಕಿಯ ತಟ್ಟೆಯಲ್ಲೋ ಗೋಡೆಯ ಮೇಲೋ, ಖಚಿತವಾಗಿ ಹೇಳಲಾರೆ. ಅವಲಕ್ಕಿ ಎಂದೇ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಈಗ ಅದರ ರುಚಿಯೂ ನೆನಪಾಗುತ್ತದೆ. ಅನುಮಾನ ಬರುವುದು ಅಲ್ಲಿಯೇ. ಚುಕ್ಕೆ ಕಪ್ಪಗಿತ್ತು ಎಂಬುದಷ್ಟೇ ನಿಜ.

ನಮ್ಮೂರು ಗಿಣಿಗೇರಾದಲ್ಲಿ ಕಪ್ಪು ಚುಕ್ಕೆ ಕಂಡರೆ ಯಾರೂ ಡಾಕ್ಟರ ಬಳಿ ಹೋಗುವುದಿಲ್ಲ. ಒದ್ದೆ ಬಟ್ಟೆ ತರುತ್ತಾರೆ. ಊರ ಪಕ್ಕದ ಕಾರ್ಖಾನೆಯ ಮಸಿ ಕಿಟಕಿಗೂ ಬೀಳುತ್ತದೆ, ಒಣಹಾಕಿದ ಹಪ್ಪಳಕ್ಕೂ ಬೀಳುತ್ತದೆ. ನಾನೂ ಒರೆಸಿದೆ. ಚಷ್ಮಾ ಒರೆಸಿದೆ, ಗೋಡೆ ಒರೆಸಿದೆ, ಸ್ಟೂಲ್ ಹತ್ತಿ ಫ್ಯಾನ್ ಒರೆಸಿದೆ. ಚುಕ್ಕೆ ಒಂದಿದ್ದದ್ದು ಹತ್ತಾಯಿತು. ದಾರದಂಥದ್ದೂ ಒಂದು ಸೇರಿಕೊಂಡಿತು.

"ಈ ಚುಕ್ಕಿ ಇನ್ನೊಂದೆರಡ ದಿನ ಇರ್ಲಿ ಬಿಡ್ರಿ," ಎಂದಳು ಹೆಂಡತಿ ಗೌರಮ್ಮ. "ಅಡಗಿಮನಿ ಉಳದೈತಿ."

ನಾನು ಸಾಲಿ ಮಾಸ್ತರ. ಕಷ್ಟ ಬಂದರೆ ಅರ್ಜಿ ಬರೆಯುತ್ತೇನೆ. ಕಾರ್ಖಾನೆಯವರಿಗೂ ಒಂದು ಬರೆದೆ: 'ಮಾನ್ಯರೇ, ಕೆಳಗೆ ಸಹಿ ಮಾಡಿದವರ ಕಣ್ಣೆದುರಿಗೇ ಮಸಿಯು ಹಾರಾಡುತ್ತಿರುವುದರಿಂದ...' ಸಹಿಗೆಂದು ಪಕ್ಕದ ಟೇಲರ್ ಖಾಜಾಸಾಬರ ಅಂಗಡಿಗೆ ಹೋದೆ. ಅವರು ಪೆನ್ನು ಹಿಡಿಯುವ ಬದಲು ಬಿಳಿ ಬಟ್ಟೆ ಹಾಸಿದರು.

"ಎಲ್ಲೈತ್ರಿ ಮಾಸ್ತರ?"

"ಇಲ್ಲಿ. ಅಲ್ಲಲ್ಲ, ಅತ್ಲಾಗ ಹೋತು."

"ಬಲಗಣ್ಣು ಮುಚ್ರಿ."

ಮುಚ್ಚಿದೆ. ಚುಕ್ಕೆಗಳಿದ್ದವು.

"ಈಗ ಎಡಗಣ್ಣು."

ಬಟ್ಟೆ ಶುಭ್ರ!

"ಮಸಿ ಒಂದ ಕಣ್ಣಿಗೆ ನೋಡಿ ಬೀಳತೈತೇನ್ರಿ? ಕಾರ್ಖಾನಿ ಬಿಡ್ರಿ, ದವಾಖಾನಿಗೆ ನಡೀರಿ."

ಅಷ್ಟರಲ್ಲಿ ಎಡಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆಯಿತು. "ನೋಡ್ರಿ, ಅಲ್ಲಿ ವೆಲ್ಡಿಂಗ್ ನಡಸ್ಯಾರ," ಎಂದೆ. ನಾನು ತೋರಿಸಿದ ಕಡೆ ಇದ್ದದ್ದು ಗೋಡೆ. ಖಾಜಾಸಾಬರು ನಗಲಿಲ್ಲ. "ಅಕ್ಕಾರ, ಇವ್ರನ್ನ ಈಗಿಂದೀಗ ಕರ್ಕೊಂಡ ಹೋಗ್ರಿ," ಎಂದು ಗೌರಮ್ಮನನ್ನು ಕೂಗಿದರು.

"ಅರ್ಜಿ ಮುಟ್ಟಿಸಿ ಹೋಗೂಣು," ಎಂದೆ.

"ಮೊದಲ ಅದನ್ನ ಓದಾಕ ಕಣ್ಣಿರ್ಲಿ," ಎಂದು ಆಕೆ ನನ್ನನ್ನು ಕೊಪ್ಪಳದ ಬಸ್ಸಿಗೆ ಹತ್ತಿಸಿದಳು.

ಕಣ್ಣಿನ ಡಾಕ್ಟರು ಹನಿ ಹಾಕಿ, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನೊಳಗೆ ಮೊಟ್ಟೆಯ ಬಿಳಿಯಂಥ ಲೋಳೆ ತುಂಬಿರುತ್ತದಂತೆ. ವಯಸ್ಸಾದಂತೆ ಅದು ಕುಗ್ಗಿ ಗಂಟುಗಟ್ಟುತ್ತದೆ; ಗಂಟಿನ ನೆರಳು ಹಿಂದಿನ ಪರದೆಯ ಮೇಲೆ ಬೀಳುತ್ತದೆ. ನಮಗೆ ಕಾಣುವುದು ಆ ನೆರಳು.

"ಹಳೇವು ಒಂದೆರಡು ಇದ್ರ ಅಂಜೂದ ಬ್ಯಾಡ್ರಿ. ಒಮ್ಮಿಂದೊಮ್ಮೆಲೆ ಹೆಚ್ಚಾದ್ರ, ಮಿಂಚು ಹೊಡದ್ರ, ಬಾಜೂಲಿಂದ ಪರದೆ ಎಳದಂಗ ಕತ್ತಲಾದ್ರ ಅವತ್ತ ಬರಬೇಕು. ಲೋಳೆ ಜಗ್ಗಿ ನಿಮ್ಮ ಕಣ್ಣಿನ ಹಿಂದಿನ ಪರದೆ ಒಂದ ಕಡೆ ಹರದೈತಿ. ಕಿತ್ತು ಬಂದಿಲ್ಲ."

"ಬಂದಿದ್ರ?"

"ಈ ಕಣ್ಣು ಹೋಗಬಹುದಿತ್ತು."

ಗೌರಮ್ಮ ನನ್ನ ತೋಳು ಹಿಡಿದುಕೊಂಡಳು. ಅಂದೇ ಹರಿದ ಜಾಗದ ಸುತ್ತ ಲೇಸರ್ ಹಾಕಿದರು. ಹಸಿರು ಬೆಳಕು ಮಿನುಗುವಾಗ ನಾನು ಹೆದರಿದ್ದೆನೋ ಬೆರಗಾಗಿದ್ದೆನೋ ತಿಳಿಯದು. ನಿಂಬೆಹಣ್ಣಿಗಿಂತ ಚಿಕ್ಕದೊಂದು ಗುಂಡಿನೊಳಗೆ ಕೆರೆ, ಕೆರೆಯಲ್ಲಿ ತೇಲುವ ನೆರಳು, ಮೋಡವಿಲ್ಲದೆ ಮಿಂಚು! ಐವತ್ತೈದು ವರ್ಷ ಅದರ ಮೂಲಕ ಜಗತ್ತನ್ನೆಲ್ಲ ನೋಡಿದ್ದೆ, ಅದನ್ನು ನೋಡಿರಲಿಲ್ಲ. ಅದು ತಾನಾಗಿ ಕಂಡಾಗ ನಾನು ಫ್ಯಾನ್ ಒರೆಸಿದ್ದೆ.

"ಬಲಗಣ್ಣೂ ಹಿಂಗ ಮಾಡತೈತೇನ್ರಿ?" ಎಂದು ಹೊರಡುವಾಗ ಕೇಳಿದೆ.

"ಮಾಡಬಹುದು."

"ಯಾವಾಗ?"

"ಅದನ್ನ ಹೇಳಾಕ ಬರೂದಿಲ್ರಿ."

ಒಳಗೆ ಇಣುಕಿ ನೋಡಿದ ಅವರಿಗೇ ಗೊತ್ತಿಲ್ಲ. ಬಲಗಣ್ಣಿನ ಮಾಲೀಕನಾದ ನನಗೂ ಗೊತ್ತಿಲ್ಲ.