ಹಿಂದಿನ ಸೀಟು

"ಇವತ್ತು ನೀವು ಮುಂದೆ ಕೂತ್ಕೊಳ್ಳಿ" ಎಂದು ಹೆಂಡತಿ ಅಂದದ್ದೇ ತಡ, ಸೋಡಾಬುಡ್ಡಿಯ ಕೈಯಲ್ಲಿದ್ದ ಗಾಳಿಪಂಪು ಅರ್ಧಕ್ಕೇ ನಿಂತಿತು.

ಬೇಸಗೆ ರಜೆಯ ಕೊನೆಯ ಭಾನುವಾರ. ಮನೆಯೆದುರಿನ ಇಕ್ಕಟ್ಟು ಗಲ್ಲಿಯಲ್ಲಿ ಎರಡು ಸೀಟಿನ ಉದ್ದನೆಯ ಸೈಕಲ್ಲು ಗೋಡೆಗೆ ಒರಗಿತ್ತು. ಇಬ್ಬರು ಕೂತು ಇಬ್ಬರೂ ತುಳಿಯುವ ಸೈಕಲ್ಲು ಅದು. ಮೊದಲ ದಿನದಿಂದಲೂ ಹ್ಯಾಂಡಲ್ ಹಿಡಿದು ಮುಂದೆ ಕೂರುವವಳು ಅವಳು, ಹಿಂದೆ ಕೂರುವವನು ಅವನು.

"ನಾನಾ? ಮುಂದೇನಾ?"

"ಹೂಂ. ನನಗ್ಯಾಕೋ ಸುಸ್ತು."

"ನನಗೆ ಹ್ಯಾಂಡಲ್ ಹಿಡಿಯೋಕೆ ಎಲ್ಲಿ ಬರುತ್ತೆ ಕಣೇ? ಇಬ್ಬರೂ ಸೀದಾ ಚರಂಡಿಗೇ."

"ಸರಿ ಬಿಡಿ" ಎಂದು ಅವಳು ತನ್ನ ಹಳದಿ ಜರ್ಕಿನ್ನಿನ ಜಿಪ್ಪು ಎಳೆದುಕೊಂಡಳು. ಜಗಳವಾದರೂ ಆಡಬಾರದೇ ಎನ್ನಿಸಿತು ಅವನಿಗೆ. ಈ 'ಸರಿ ಬಿಡಿ' ಎನ್ನುವ ಮಾತಿಗೆ ಅವನು ಹೆದರುತ್ತಿದ್ದ.

ಹೆದರಿಕೆಗೆ ಕಾರಣವಿತ್ತು. ಸೋಡಾಬುಡ್ಡಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಊರವರ ಕಣ್ಣಿಗೆಲ್ಲ ಗಾಜು ಕೂರಿಸುವ ಅವನ ಕನ್ನಡಕವೇ ಊರಿನಲ್ಲೆಲ್ಲ ದಪ್ಪ, ಹಾಗಾಗಿ ಈ ಹೆಸರು. ಅವನ ಹೆಂಡತಿ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಟೀಚರು. ಅವನು ಸಂಜೆ ಅಂಗಡಿ ಮುಚ್ಚಿ ಬಂದು ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಬಿದ್ದುಕೊಂಡನೆಂದರೆ ಮುಗಿಯಿತು. ನಲ್ಲಿ ಸೋರಲಿ, ಬಲ್ಬು ಹೋಗಲಿ, ಹೆಂಡತಿ ಎದುರು ಕೂತು ಅಳಲಿ, 'ಹೂಂ' ಬಿಟ್ಟರೆ ಬೇರೆ ಮಾತಿಲ್ಲ. ಬೇಸಗೆ ಶುರುವಾಗುವ ಮೊದಲು ಒಂದು ಸಂಜೆ ಅವಳು ಸೂಜಿಗೆ ದಾರ ಪೋಣಿಸುತ್ತ, ಹವೆಯ ವಿಷಯ ಹೇಳುವವಳಂತೆ ಹೇಳಿದ್ದಳು: "ಅಕ್ಕ ಕರೀತಿದಾಳೆ. ಅವಳ ಹೊಲಿಗೆ ಅಂಗಡಿಗೆ ಜನ ಬೇಕಂತೆ. ಹೋದ್ರೆ ಅಲ್ಲೇ ಇದ್ದುಬಿಡ್ತೀನಿ."

"ಅಲ್ಲೇ ಅಂದ್ರೆ?"

"ಅಲ್ಲೇ ಅಂದ್ರೆ ಅಲ್ಲೇ. ಈ ಸಂಸಾರದ ಗಾಡಿ ಒಬ್ಬಳೇ ಎಳೆದೂ ಎಳೆದೂ ಸಾಕಾಗಿದೆ ನನಗೆ. ಇದೊಂದು ಬೇಸಗೆ ನೋಡ್ತೀನಿ. ನನ್ನ ಜೊತೆ ಹೊರಗೆ ಬನ್ನಿ, ನಾಲ್ಕು ಜನರ ಜೊತೆ ಬೆರೀರಿ. ಆಮೇಲೆ ಹೇಳ್ತೀನಿ."

ಮಾತಾಡದಿದ್ದರೂ ಅವಳಿಲ್ಲದ ಮನೆಯನ್ನು ಅವನು ಒಂದು ದಿನಕ್ಕೂ ಊಹಿಸಿಕೊಂಡವನಲ್ಲ. ಮರುದಿನವೇ ಸೈಕಲ್ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಈ ಜೋಡಿ ಸೈಕಲ್ಲನ್ನು ತಂದು ನಿಲ್ಲಿಸಿದ. ಅಂದಿನಿಂದ ಭಾನುವಾರ ಬಂತೆಂದರೆ ಗೆಳೆಯರ ಜೊತೆ ಊರಾಚೆಯ ಗುಡ್ಡದ ಬುಡದವರೆಗೆ ಸೈಕಲ್ಲು, ಅಲ್ಲಿಂದ ತುದಿಯವರೆಗೆ ಚಾರಣ, ಮೇಲೆ ಕೂತು ಬ್ರೆಡ್ಡು ತಿಂದು ವಾಪಸ್ಸು. ಊರವರು "ಎಂಥಾ ಜೋಡಿ ನೋಡ್ರೀ" ಎನ್ನತೊಡಗಿದರು.

ಆದರೆ ಆ ಜೋಡಿಯ ಒಳಗುಟ್ಟು ಒಂದಿತ್ತು. ಮೊದಮೊದಲು ಅವನೂ ಪ್ರಾಮಾಣಿಕವಾಗಿಯೇ ತುಳಿದ, ಇಲ್ಲವೆನ್ನಬಾರದು. ಒಂದು ದಿನ ಏರಿನಲ್ಲಿ ಮೀನಖಂಡ ಹಿಡಿದುಕೊಂಡಾಗ ಪೆಡಲಿನ ಮೇಲೆ ಕಾಲನ್ನು ಸುಮ್ಮನೆ ಇಟ್ಟ. ಪೆಡಲು ತಾನಾಗಿಯೇ ತಿರುಗಿತು! ಮುಂದಿನವರು ತುಳಿದರೆ ಹಿಂದಿನದೂ ಒಂದೇ ಚೈನಿನಲ್ಲಿ ಸುತ್ತುತ್ತದೆ, ಕಾಲು ಅದರ ಜೊತೆ ಹೋಗಿಬರುತ್ತಿದ್ದರೆ ಸಾಕು, ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅಂದಿನಿಂದ ಅವನು ಮತ್ತೆ ತುಳಿದದ್ದೇ ಇಲ್ಲ. ಏರು ಬಂದಾಗ 'ಹುಸ್ಸ್ ಹುಸ್ಸ್' ಎಂದು ಏದುಸಿರು ಬಿಡುವುದು, ಆಗಾಗ "ಬಿಡಬೇಡ, ತುಳಿ ತುಳಿ!" ಎಂದು ಹುರಿದುಂಬಿಸುವುದು, ಇಷ್ಟೇ ಅವನ ದುಡಿಮೆ. ಮುಂದೆ ಕೂತರೆ ಹಿಂದಿನವರಿಗೆ ಮುಂದಿನವರ ಕಾಲು ಕಾಣುತ್ತದೆ. ಹಾಗಾಗಿ ಪ್ರಾಣ ಹೋದರೂ ಅವನು ಮುಂದೆ ಕೂರುವವನಲ್ಲ.

ಸಂತೆಬೀದಿಯ ತುದಿಯಲ್ಲಿ ಗೆಳೆಯರು ಕಾಯುತ್ತಿದ್ದರು. ಬೇಕರಿಯವನು, ಅವನ ಹೆಂಡತಿ, ಮತ್ತು ಔಷಧಿ ಅಂಗಡಿಯವನು. ಈ ಔಷಧಿ ಅಂಗಡಿಯವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಯಾರ ಮನೆಯಲ್ಲಿ ಯಾರಿಗೆ ಭೇದಿ ಎಂಬುದು ಅವನಿಂದಲೇ ಊರಿಗೆ ತಿಳಿಯಬೇಕು. ಹೆಂಗಸರು ಬೀದಿ ನಲ್ಲಿಯಲ್ಲಿ ನೀರಿನ ಬಾಟಲಿ ತುಂಬಿಸಿಕೊಳ್ಳುತ್ತಿದ್ದಾಗ ಅವನು ಸೋಡಾಬುಡ್ಡಿಯ ತೋಳು ಹಿಡಿದು ಪಕ್ಕಕ್ಕೆಳೆದ.

"ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡ. ಅತ್ತಿಗೆ ಡಾಕ್ಟರ ಹತ್ರ ಹೋಗಿ ಬರ್ತಿದಾರೆ, ಗೊತ್ತಾ?"

"ಯಾಕೆ?"

"ಏರು ಬಂದ್ರೆ ಎದೆ ಒಡೆದುಹೋಗೋ ಹಾಗಾಗುತ್ತಂತೆ, ಕಣ್ಣು ಕತ್ತಲೆ ಬರುತ್ತಂತೆ. ಡಾಕ್ಟರು ಏನೂ ಇಲ್ಲ ಅಂದ್ರಂತೆ. ಏನೂ ಇಲ್ಲ ಅಂದ್ರೆ ಏನೋ ಇದೆ ಅಂತಲೇ ಅರ್ಥ ಕಣೋ, ನಾನು ಎಷ್ಟು ಜನರನ್ನ ನೋಡಿಲ್ಲ! ನೀನೇ ಯೋಚನೆ ಮಾಡು. ಹಿಂದೆ ನಿನ್ನಂಥ ಗಂಡಸು ಅಷ್ಟು ಏದುಸಿರು ಬಿಟ್ಕೊಂಡು ತುಳೀತಿದ್ರೂ ಅವರಿಗೆ ಹಾಗಾಗುತ್ತೆ ಅಂದ್ರೆ, ಒಳಗೆ ಹೃದಯ ಎಷ್ಟು ಸೋತಿರಬೇಕು!"

ಸೋಡಾಬುಡ್ಡಿ ನಲ್ಲಿಯ ಕಡೆ ತಿರುಗಿ ಹೆಂಡತಿಯ ಮುಖ ನೋಡಿದ. ಕೆನ್ನೆ ಇಳಿದಿತ್ತು, ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಇದು ಯಾವಾಗ ಆದದ್ದು? ಬೇಸಗೆಯೆಲ್ಲ ಜೊತೆಗಿದ್ದೂ ಅವನು ನೋಡಿದ್ದು ಅವಳ ಬೆನ್ನನ್ನು ಮಾತ್ರ. ಆ ಹಳದಿ ಜರ್ಕಿನ್ನಿನ ಒಂದೊಂದು ಹೊಲಿಗೆಯೂ ಅವನಿಗೆ ಬಾಯಿಪಾಠ. ಮುಖ ಮಾತ್ರ ನೆನಪಿರಲಿಲ್ಲ.

'ಪಾಪಿ ನಾನು, ಕೊಂದೇಬಿಟ್ಟೆನಲ್ಲ' ಎಂದುಕೊಂಡು ಅವನು ಹಿಂದಿನ ಸೀಟು ಹತ್ತಿದ. ಇವತ್ತು ಒಂದು ಸುತ್ತನ್ನೂ ಅವಳು ತುಳಿಯಕೂಡದು ಎಂದು ಹಲ್ಲು ಕಚ್ಚಿ ತುಳಿದ. ಬೇಸಗೆಯೆಲ್ಲ ಉಳಿತಾಯವಾಗಿದ್ದ ಬಲವೆಲ್ಲ ಒಮ್ಮೆಲೇ ಪೆಡಲಿಗೆ ಇಳಿಯಿತು. ಏರಿನಲ್ಲೂ ಸೈಕಲ್ಲು ಹಗ್ಗ ಕಿತ್ತ ಹೋರಿಯ ಹಾಗೆ ನುಗ್ಗಿತು. ಹಿಂದಿನ ಪೆಡಲು ಗಿರ್ರೆಂದರೆ ಮುಂದಿನದೂ ಗಿರ್ರೆನ್ನಬೇಕಲ್ಲ. ಅವಳ ಕಾಲುಗಳು ಅವಳನ್ನು ಕೇಳದೆಯೇ ಸುತ್ತತೊಡಗಿದವು.

"ಅಯ್ಯಯ್ಯೋ, ನನ್ನ ಕಾಲು! ಕಾಲು ನನ್ನ ಮಾತೇ ಕೇಳ್ತಿಲ್ಲಾ ರೀ!"

"ಸುಮ್ನೆ ಇಟ್ಕೊ, ತುಳೀಬೇಡ!"

"ನಾನೆಲ್ಲಿ ತುಳೀತಿದೀನಿ? ಅವೇ ತಿರುಗ್ತಿವೆ!"

ಮುಂದೆ ಹೋಗುತ್ತಿದ್ದ ಬೇಕರಿಯವನು ಹಿಂತಿರುಗಿ ನೋಡುವಷ್ಟರಲ್ಲಿ ಸೈಕಲ್ಲು ಅವನ ಕ್ಯಾರಿಯರಿಗೆ ಗುದ್ದಿತು. ಬ್ರೆಡ್ಡಿನ ಪೊಟ್ಟಣಗಳು ರಸ್ತೆ ತುಂಬ ಹರಡಿದವು. ಒಂದರ ಮೇಲೆ ಔಷಧಿ ಅಂಗಡಿಯವನ ಚಕ್ರ ಹಾದುಹೋಯಿತು. ಸೋಡಾಬುಡ್ಡಿಯ ಪ್ಯಾಂಟಿನ ಕಾಲು ಚೈನಿಗೆ ಸಿಕ್ಕಿ ಮಂಡಿಯವರೆಗೆ ಪರ್ರೆಂದು ಹರಿಯಿತು.

"ಏನಾಯ್ತೋ ನಿನಗೆ? ಮೈಮೇಲೆ ದೆವ್ವ ಬಂತಾ?" ಬೇಕರಿಯವನು ಮಣ್ಣಾದ ಬ್ರೆಡ್ಡನ್ನು ಊದುತ್ತ ಕೇಳಿದ.

ಅವನು ಬಗ್ಗಿ ಚೈನಿನಿಂದ ಪ್ಯಾಂಟು ಬಿಡಿಸಿಕೊಂಡ. ಅವಳು ರಸ್ತೆ ಬದಿಯಲ್ಲಿ ಕೂತು ತನ್ನ ಕಾಲನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಬೇಕರಿಯವನ ಹೆಂಡತಿಗೆ ಪಿಸುಗುಟ್ಟಿದ್ದು ಇವನಿಗೂ ಕೇಳಿಸಿತು: "ಏರಲ್ಲಿ ಇವತ್ತು ಆಯಾಸವೇ ಇಲ್ಲ ಕಣೇ, ಹೂವಿನ ಹಾಗೆ ಹಗುರ. ಕೊನೆಗಾಲದಲ್ಲಿ ಹೀಗೆ ಒಂದ್ಸಲ ಶಕ್ತಿ ಬರುತ್ತಂತಲ್ಲ?"

"ಬಿಡ್ತು ಅನ್ನು!" ಎಂದಳು ಬೇಕರಿಯವನ ಹೆಂಡತಿ, ಆದರೆ ಅವಳ ಮುಖವೂ ಪೆಚ್ಚಾಯಿತು.

ಗುಡ್ಡದ ಬುಡದಲ್ಲಿ ಸೈಕಲ್ಲುಗಳನ್ನು ನಿಲ್ಲಿಸಿ ನಡೆಯತೊಡಗಿದರು. "ನೀನು ಹತ್ತಬೇಡ, ಇಲ್ಲೇ ನೆರಳಲ್ಲಿ ಕೂತಿರು" ಎಂದು ಅವನು ಗೋಗರೆದ. ಅವಳು ಕೇಳಲಿಲ್ಲ. ಕೊನೆಯ ಸಲ ತುದಿ ನೋಡಬೇಕಂತೆ. ಆ 'ಕೊನೆಯ ಸಲ' ಎಂಬುದನ್ನು ಕೇಳಿ ಅವನು ಅವಳ ಚೀಲ, ಬೇಕರಿಯವರ ಚೀಲ, ಎಲ್ಲರ ನೀರು, ಹಾಸುವ ಜಮಖಾನ, ಎಲ್ಲವನ್ನೂ ತಾನೇ ಹೇರಿಕೊಂಡ. ಏನಾದರೊಂದು ಹೊರದಿದ್ದರೆ ಅವನಿಗೆ ಉಸಿರಾಡುವುದೇ ಕಷ್ಟವಾಗಿತ್ತು.

ಅರ್ಧ ದಾರಿಯಲ್ಲಿ ಬೇಕರಿಯವನ ಹೆಂಡತಿ ಅವನ ಜೊತೆ ಹೆಜ್ಜೆ ಹಾಕಿದಳು. "ಅಣ್ಣಾ, ನಿಮಗೊಂದು ಖುಷಿ ವಿಷ್ಯ. ಅವಳು ಅಕ್ಕನ ಊರಿಗೆ ಹೋಗಲ್ವಂತೆ. ನಿನ್ನೇನೇ ಫೋನ್ ಮಾಡಿ ಹೇಳಿಬಿಟ್ಟಳಂತೆ. ನಿಮ್ಮ ಜೊತೆನೇ ಇರ್ತಾಳಂತೆ."

ಸೋಡಾಬುಡ್ಡಿ ನಿಂತಲ್ಲೇ ನಿಂತ. ಬೇಸಗೆಯೆಲ್ಲ ಕಾದಿದ್ದ ಮಾತು ಇದೇ ಅಲ್ಲವೇ? ಇನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಖಾಂತ. ಆದರೆ ಮೇಲೆ, ಬಂಡೆಗೆ ಕೈಯೂರಿ ನಿಂತು ತನ್ನ ನಾಡಿ ತಾನೇ ಹಿಡಿದು ನೋಡಿಕೊಳ್ಳುತ್ತಿದ್ದವಳು ಕಂಡಳು. ಇಂಥ ನನ್ನ ಜೊತೆ ಇರುತ್ತೇನೆ ಎಂದಳಲ್ಲ, ಅವಳನ್ನು ಸಾವಿನ ಭಯದಲ್ಲಿ ಹೇಗೆ ಬಿಡುವುದು? ಈಗಲೇ ಹೇಳಿಬಿಡುತ್ತೇನೆ ಎಂದು ಅವನು ಹೊರೆಸಮೇತ ಓಡಿದ. ಹರಿದ ಪ್ಯಾಂಟು ಕಾಲಿಗೆ ತೊಡರಿತು. ಮುಳ್ಳಿನ ಪೊದೆಯೊಳಗೆ ಮಕಾಡೆ ಬಿದ್ದ. ಏಳುವಾಗ ಕನ್ನಡಕ ಅವನದೇ ಮೊಣಕೈ ಕೆಳಗೆ ಕಟಕ್ಕೆಂದಿತು.

ಕನ್ನಡಕವಿಲ್ಲದ ಸೋಡಾಬುಡ್ಡಿಗೆ ಲೋಕವೆಲ್ಲ ನೀರಲ್ಲಿ ಕಲಸಿದ ಬಣ್ಣ. ಔಷಧಿ ಅಂಗಡಿಯವನು ಕೈಹಿಡಿದು ತುದಿಗೆ ಹತ್ತಿಸಿ, ಒಂದು ಕಡೆ ಕೂರಿಸಿ, ಮುಳ್ಳು ಕೀಳಲು ಚಿಮುಟ ಹುಡುಕಲು ಹೋದ. ಮೇಲೆ ಗಾಳಿ ಜೋರಾಗಿತ್ತು. ತುಸು ಆಚೆಗೆ, ಒಂಟಿಯಾಗಿ ಕೂತ ಹಳದಿ ಬೆನ್ನು ಅವನಿಗೆ ಕಂಡಿತು. ಅದನ್ನು ಮಾತ್ರ ಅವನು ಕುರುಡನಾದರೂ ಗುರುತಿಸಬಲ್ಲ. ತೆವಳಿಕೊಂಡು ಹೋಗಿ ಅದರ ಹಿಂದೆ ಕೂತ.

"ತಿರುಗಬೇಡ, ಹಾಗೇ ಕೇಳು. ನಿನ್ನ ಮುಖ ನೋಡಿ ಹೇಳೋ ಧೈರ್ಯ ನನಗಿಲ್ಲ" ಎಂದ. "ನಿನ್ನ ಹೃದಯಕ್ಕೆ ಏನೂ ಆಗಿಲ್ಲ ಕಣೇ. ಬೇಸಗೆಯೆಲ್ಲ ನಾನು ಪೆಡಲ್ ತುಳಿದೇ ಇಲ್ಲ. ಸುಮ್ನೆ ಕಾಲಿಟ್ಕೊಂಡು ಕೂತಿದ್ದೆ. ಆ ಏದುಸಿರೆಲ್ಲ ನಾಟಕ. ನೀನು ನನ್ನಂಥ ಕೋಣನನ್ನ ಹಿಂದೆ ಕೂರಿಸ್ಕೊಂಡು ಒಬ್ಬಳೇ ಎಳೀತಿದ್ದೆ. ಅದಕ್ಕೇ ಎದೆ ಹೊಡ್ಕೊಂಡಿದ್ದು. ನೀನಿಲ್ದೆ ನಾನು ಬದುಕಲ್ಲ ಕಣೇ, ಕ್ಷಮಿಸಿಬಿಡು."

ಹಳದಿ ಬೆನ್ನು ತಿರುಗಿತು. "ಅಣ್ಣಾ, ನಾನು!" ಎಂದಿತು ಬೇಕರಿಯವನ ಹೆಂಡತಿಯ ದನಿ. "ಚಳಿ ಅಂದೆ ಅಂತ ಜರ್ಕಿನ್ ಕೊಟ್ಟಳು." ಆಮೇಲೆ ಅವಳು ಗುಡ್ಡವೇ ಮರುದನಿಗೊಡುವಂತೆ ಕೂಗಿದಳು: "ಏನೇ, ಇಲ್ಲಿ ಬಾರೇ! ನಿನ್ನ ಗಂಡ ಏನಂತಿದಾರೆ ಕೇಳು! ಇಡೀ ಬೇಸಗೆ ತುಳಿದೇ ಇಲ್ವಂತೆ!"

ಎಲ್ಲರೂ ಬಂದು ಸುತ್ತ ನಿಂತರು. ಬೇಕರಿಯವನು ನಕ್ಕ, ಔಷಧಿ ಅಂಗಡಿಯವನು ಚಿಮುಟ ಹಿಡಿದುಕೊಂಡು ಬಾಯಿ ತೆರೆದ. ಸೋಡಾಬುಡ್ಡಿ ಅದೇ ಮಾತನ್ನು ಎಲ್ಲರೆದುರು ಇನ್ನೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳುವಾಗ ಅದು ಇನ್ನೂ ಅಸಹ್ಯವಾಗಿ ಕೇಳಿಸಿತು.

ಹೆಂಡತಿ ನಕ್ಕಳು. ಆ ಬೇಸಗೆಯಲ್ಲೇ ಅವಳು ಹಾಗೆ ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಅತ್ತಳು, ಅಳುತ್ತ ನೆಲದ ಮೇಲೆ ಕೂತಳು.

"ಹಾಗಾದ್ರೆ ನನಗೆ ಏನೂ ಆಗಿಲ್ವಾ?"

"ಏನೂ ಇಲ್ಲ ಕಣೇ. ಇಬ್ಬರ ಭಾರ ಎಳೆದಿದೀಯ. ಕುದುರೆಯ ಎದೆ ನಿಂದು."

"ರಾತ್ರಿಯೆಲ್ಲ ಎದೆ ಮೇಲೆ ಕೈಯಿಟ್ಕೊಂಡು ಮಲಗ್ತಿದ್ದೆ ರೀ. ನಾಳೆ ಏಳ್ತೀನೋ ಇಲ್ವೋ ಅಂತ."

"ಇನ್ನು ಹೆದರಬೇಡ. ನಾನಿದೀನಲ್ಲ" ಎಂದು ಅವನು ಕೈಚಾಚಿದ. ಮಬ್ಬಿನಲ್ಲಿ ಅದು ಔಷಧಿ ಅಂಗಡಿಯವನ ಮಂಡಿಗೆ ತಾಗಿತು. ಅವಳು ಆಗಲೇ ಎದ್ದು ಫೋನ್ ಹಚ್ಚಿದ್ದಳು.

"ಅಕ್ಕಾ? ನಾನೇ. ನಿನ್ನೆ ಹೇಳಿದ್ದನ್ನ ಮರೆತುಬಿಡು. ನನಗೇನೂ ಕಾಯಿಲೆ ಇಲ್ವಂತೆ. ಹೂಂ, ಗಟ್ಟಿಯಾಗಿದೀನಿ. ಬರ್ತೀನಿ."

ಸೋಡಾಬುಡ್ಡಿಗೆ ಕಿವಿ ಕೂಡ ಕೈಕೊಟ್ಟಿತೇನೋ ಅನ್ನಿಸಿತು. "ನನ್ನ ಜೊತೆನೇ ಇರ್ತೀನಿ ಅಂದಿದ್ದೆಯಲ್ಲೇ!"

"ಸಾಯೋಳು ಅಕ್ಕನ ಮನೇಲಿ ಹೋಗಿ ಬಿದ್ಕೊಂಡು ಅವಳಿಗ್ಯಾಕೆ ಭಾರ ಆಗ್ಲಿ, ಕಟ್ಕೊಂಡವರೇ ನೋಡ್ಕೊಳ್ಳಲಿ ಅಂತ ಇದ್ದೆ" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಒಬ್ಬಳೇ ಎಷ್ಟು ಎಳೀಬಲ್ಲೆ ಅಂತ ಗೊತ್ತಾಯ್ತಲ್ಲ. ಸತ್ಯ ಹೇಳಿದ್ರಿ, ಅದೊಂದು ಒಳ್ಳೇದು ಮಾಡಿದ್ರಿ."

ಅವನು ಏನೇನೋ ಹೇಳಲು ಹೋದ. ಬಾಯಿಗೆ ಬಂದದ್ದು ಮಾತ್ರ 'ಹೂಂ' ಎಂಬುದು.

ಇಳಿದು ಬಂದಮೇಲೆ ಗುಡ್ಡದ ಬುಡದಲ್ಲಿ ಅವಳು ತನ್ನ ಜರ್ಕಿನ್ನು ಇಸಿದುಕೊಂಡು ಹಾಕಿಕೊಂಡಳು, ಜೋಡಿ ಸೈಕಲ್ಲನ್ನು ರಸ್ತೆಗೆ ತಳ್ಳಿದಳು. "ಒಂದ್ಸಲ ಹಿಂದೆ ಯಾರೂ ಇಲ್ದೆ ತುಳಿದು ನೋಡ್ತೀನಿ. ನೀವು ಇವರ ಜೊತೆ ನಿಧಾನ ಬನ್ನಿ" ಎಂದು ಹತ್ತಿ ಹೊರಟೇಬಿಟ್ಟಳು.

ಊರ ಕಡೆಗಿನ ದೊಡ್ಡ ಏರಿನ ಮೇಲೆ ಹಳದಿ ಚುಕ್ಕೆ ಚಿಕ್ಕದಾಗುತ್ತ ಹೋಯಿತು. ಸೋಡಾಬುಡ್ಡಿ ಕಣ್ಣು ಕಿರಿದು ಮಾಡಿ ನೋಡಿದ. ಏನೂ ತಿಳಿಯಲಿಲ್ಲ.

"ಲೋ, ನೋಡಿ ಹೇಳೋ. ಏರಲ್ಲಿ ಕಷ್ಟಪಡ್ತಿದಾಳಾ?"

ಔಷಧಿ ಅಂಗಡಿಯವನು ಹಣೆಗೆ ಕೈಯಡ್ಡ ಹಿಡಿದು ನೋಡಿದ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವಲ್ಲ. "ಇಲ್ಲ ಕಣೋ, ಸಲೀಸಾಗಿ ಹತ್ತುತ್ತಿದಾರೆ. ಹಿಂದಿನ ಪೆಡಲೂ ತಾನಾಗೇ ತಿರುಗ್ತಿದೆ. ನೀನು ಕೂತಿದ್ದಾಗ ಹೇಗೆ ತಿರುಗ್ತಿತ್ತೋ, ಹಾಗೇ."

ಸೋಡಾಬುಡ್ಡಿ ಹರಿದ ಪ್ಯಾಂಟಿನ ಕಾಲನ್ನು ಮಡಚಿಕೊಂಡು ಏರಿನತ್ತ ನಡೆಯತೊಡಗಿದ. ನಾಲ್ಕು ಹೆಜ್ಜೆಗೇ ಏದುಸಿರು ಬಂತು. ಈ ಸಲ ಅದು ನಿಜವಾದದ್ದೇ ಆಗಿತ್ತು, ಆದರೆ ಕೇಳಲು ಮುಂದೆ ಯಾರೂ ಇರಲಿಲ್ಲ.