ಟಾಕೋಗೆ ಬಿದ್ದ ಬಫಾತ್ ಪುಡಿ

ಒಲೆಯ ಮೇಲೆ ಯಾರದೇ ಪಾತ್ರೆ ಇರಲಿ, ಮುಚ್ಚಳ ತೆಗೆದು ನೋಡದೆ ನನ್ನಿಂದ ಇರಲಾಗುವುದಿಲ್ಲ. ನೋಡಿದ ಮೇಲೆ ರುಚಿ ನೋಡಬೇಕು, ರುಚಿ ನೋಡಿದ ಮೇಲೆ ಏನಾದರೊಂದು ಕಡಿಮೆ ಅನ್ನಿಸಲೇಬೇಕು. ಕಾಪುವಿನಲ್ಲಿರುವ ನನ್ನ ತಂಗಿ, ನಾನು ಹೋದ ದಿನ ಅಡುಗೆಮನೆಯ ಬಾಗಿಲ ಹೊರಗೇ ಕುರ್ಚಿ ಹಾಕಿ ಕೂರಿಸಿ, ತಾನು ಒಳಗೆ ನಿಂತು ಮಾತಾಡುತ್ತಾಳೆ. ಅದನ್ನು ನಾನು ಬಹಳ ಕಾಲ ಮರ್ಯಾದೆ ಎಂದೇ ತಿಳಿದುಕೊಂಡಿದ್ದೆ.

ಉದ್ಯಾವರದ ನಮ್ಮ ಮನೆಯಲ್ಲಿ ಈ ಚಟದಿಂದ ಯಾರಿಗೂ ತೊಂದರೆ ಇರಲಿಲ್ಲ. ಅಲ್ಲಿ ನನ್ನನ್ನು ಬಿಟ್ಟರೆ ಅಡುಗೆ ಮಾಡುವವರೇ ಇರಲಿಲ್ಲವಲ್ಲ. ನನ್ನ ಗಂಡ ಹೆನ್ರಿ ಮದುವೆಯ ಮರುವರ್ಷ ಕುವೈತಿಗೆ ಹೋದವರು, ಕೂದಲು ನೆರೆತ ಮೇಲೆ ಕಳೆದ ವರ್ಷ ಪೂರ್ತಿಯಾಗಿ ಊರಿಗೆ ಬಂದರು. ಅದುವರೆಗೆ ರಜೆಗೆ ಬಂದು ನೆಂಟರ ಹಾಗೆ ಇದ್ದು ಹೋಗುತ್ತಿದ್ದ ಮನುಷ್ಯ. ಅವರಿಗೆ ಗ್ಯಾಸ್ ಹಚ್ಚಲು ಬರುತ್ತದೆ ಎನ್ನುವುದೂ ನನಗೆ ಗೊತ್ತಿರಲಿಲ್ಲ.

ಹೋದ ತಿಂಗಳು ಒಂದು ದಿನ ಇವರು, ಭಾನುವಾರ ಅಜೆಕಾರಿನಿಂದ ತಮ್ಮ ಅಕ್ಕ ಬರುವಾಗ ಅಡುಗೆ ನನ್ನದು ಎಂದರು. ಎಂತ ಅಡುಗೆ ಎಂದು ಕೇಳಿದರೆ, ಟಾಕೋ, ಜೋಳದ ರೊಟ್ಟಿಯೊಳಗೆ ಮಾಂಸ ತುಂಬಿ ಮಡಚಿ ತಿನ್ನುವುದಂತೆ. ಕುವೈತಿನಲ್ಲಿ ಇವರ ಕೋಣೆಯಲ್ಲಿ ಮೆಕ್ಸಿಕೋದ ಒಬ್ಬ ವೆಲ್ಡರ್ ಇದ್ದನಂತೆ. ರಜೆಯ ದಿನ ಇಬ್ಬರೂ ಸೇರಿ ಅದನ್ನೇ ಮಾಡಿ, ಮಂಚದ ಮೇಲೆ ಪೇಪರ್ ಹರಡಿಕೊಂಡು ತಿನ್ನುತ್ತಿದ್ದರಂತೆ. ಅಲ್ಲಿ ವಾರದ ರಜೆ ಶುಕ್ರವಾರವಲ್ಲವೇ, ಕ್ರೈಸ್ತರು ಶುಕ್ರವಾರ ಮಾಂಸ ತಿನ್ನುವುದುಂಟೇ ಎಂದು ನಾನು ಶುರುಮಾಡಿದೆ. ಇವರು ಸಾಮಾನಿನ ಚೀಟಿ ಬರೆಯಲು ಕುಳಿತರು.

“ನಾನು ಅಲ್ಲಿ ಹೇಗಿದ್ದೆ ಅಂತ ನಿಮಗೆಲ್ಲ ಹೇಳಲಿಕ್ಕೆ ನನಗೆ ಬರುವುದಿಲ್ಲ, ಲೀನಾ. ಇದನ್ನು ತಿಂದರೆ ಸ್ವಲ್ಪ ಗೊತ್ತಾದೀತು” ಎಂದರು.

ಮಣಿಪಾಲಕ್ಕೆ ಹೋಗಿ ಮೆಕ್ಕೆಜೋಳದ ಹಿಟ್ಟು, ಚೀಸ್, ಓರೆಗಾನೊ ಎನ್ನುವ ಒಣ ಎಲೆ ತಂದರು. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ಬೀಫ್ ಕೈಮಾ ತಂದು, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಜೀರಿಗೆ ಹಾಕಿ ಹುರಿದರು. ರೊಟ್ಟಿಯನ್ನು ನನ್ನದಕ್ಕಿಂತ ಗುಂಡಗೆ ತಟ್ಟಿದರು. ಅಷ್ಟರಲ್ಲಿ ಗೇಟಿನ ಹತ್ತಿರ ಅಕ್ಕನ ರಿಕ್ಷಾ ನಿಂತಿತು, ಇವರು ಹೊರಗೆ ಹೋದರು. ನಾನು ಮುಚ್ಚಳ ತೆಗೆದೆ.

ಖಾರವಿಲ್ಲ, ಬಣ್ಣವಿಲ್ಲ. ಬೀಫ್ ಎಂದ ಮೇಲೆ ಬಫಾತ್ ಪುಡಿ ಬೀಳಬೇಕೆಂದು ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಮೆಣಸು, ಕೊತ್ತಂಬರಿ ಎಲ್ಲ ಒಣಗಿಸಿ ಪುಡಿ ಮಾಡಿಸಿಟ್ಟ ಡಬ್ಬಿ ಕೈಗೆಟಕುವಲ್ಲೇ ಇತ್ತು. ಅತ್ತಿಗೆಯ ಎದುರು ಗಂಡನ ಮಾನ ಹೋಗಬಾರದೆಂದು ಧಾರಾಳವಾಗಿ ಹಾಕಿ ಮಗುಚಿದೆ. ಗಂಡನ ಮಾನ ಎಂದೇ ಆಗ ಅಂದುಕೊಂಡದ್ದು.

ಅತ್ತಿಗೆ ಒಂದಾದ ಮೇಲೊಂದು ತಿಂದರು. “ಹೆನ್ರಿ, ನಿನಗೆ ಲೀನಾಳ ಕೈರುಚಿಯೇ ಬಂದಿದೆ ಮಾರಾಯ” ಎಂದು ಹೊಗಳಿದರು. ಇವರು ಮೊದಲ ತುತ್ತನ್ನು ನಿಧಾನವಾಗಿ ಅಗಿದು, ನನ್ನ ಕಡೆ ನೋಡದೆ, ಹೌದು ಎಂದರು.

ಅಕ್ಕನನ್ನು ಕಳಿಸಿ ಬಂದ ಮೇಲೆ, ಪುಡಿ ಹಾಕಿದೆಯಾ ಎಂದು ಕೇಳಿದರು. ಸ್ವಲ್ಪವೇ ಹಾಕಿದ್ದು ಎಂದೆ.

“ರುಚಿ ಉಂಟು. ಅಲ್ಲಿಯದ್ದು ಹೀಗೆ ಇರಲಿಲ್ಲ, ಅಷ್ಟೆ.”

ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ಅಷ್ಟು ವರ್ಷ ಫೋನಿನಲ್ಲಿ ಇವರು ಇವತ್ತು ಇಂಥದ್ದು ತಿಂದೆ ಎಂದರೆ, ಅದಕ್ಕೆ ಇನ್ನೇನು ಹಾಕಬೇಕಿತ್ತೆಂದು ಹೇಳಿದ್ದೇ ನಾನು. ಯಾರ ಜೊತೆ ತಿಂದಿರಿ, ಒಬ್ಬರೇ ತಿಂದಿರಾ ಎಂದು ಕೇಳಿದ ನೆನಪಿಲ್ಲ. ಕೊನೆಗೆ ಅವರು ಅಲ್ಲಿಯ ಬದುಕನ್ನು ಒಂದು ತಟ್ಟೆಯಲ್ಲಿ ತಂದಿಟ್ಟರೆ, ಅದನ್ನೂ ನನ್ನ ಅಡುಗೆ ಮಾಡಿಬಿಟ್ಟೆ.

ಇನ್ನೊಮ್ಮೆ ಮಾಡಿ, ನಾನು ಅಡುಗೆಮನೆಗೆ ಕಾಲಿಡುವುದಿಲ್ಲ ಎಂದು ದಿನಗಟ್ಟಲೆ ಗೋಗರೆದೆ. ಒಪ್ಪಿದರು. ನಿನ್ನೆ ನಾನು ಜಗಲಿಯಲ್ಲಿ ಕೈಕಟ್ಟಿ ಕುಳಿತೆ. ಒಳಗಿಂದ ಕೈಮಾ ಹುರಿಯುವ ಪರಿಮಳ ಬಂತು. ಚೆನ್ನಾಗಿಯೇ ಇತ್ತು. ಆದರೂ...

“ಒಂದು ಚೂರು ವಿನೆಗರ್ ಹಾಕಿ” ಎಂದು ಕೂಗಿದ್ದು ನಾನೇ ಎಂದು ತಿಳಿಯುವಷ್ಟರಲ್ಲಿ ಸೌಟಿನ ಸದ್ದು ನಿಂತಿತ್ತು. ಇವರು ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕುಳಿತರು. ಉಳಿದದ್ದನ್ನು ನೀನೇ ಮುಗಿಸು ಎಂದರು. ಸಿಟ್ಟೇನೂ ಇರಲಿಲ್ಲ. ನಾನು ಹೋಗಿ ಮುಗಿಸಿದೆ. ರುಚಿಯಾಗಿಯೇ ಆಯಿತು, ನನ್ನ ಅಡುಗೆಯ ಹಾಗೆಯೇ. ಬೇಸರವಾದದ್ದು ಅದಕ್ಕೇ.